ನಮ್ಮ ಶಾಸಕರು ಯಾವ ಕಡೆ ಕೈ ಎತ್ತಿದರು?

ಓದುಗರ ಪ್ರಶ್ನೆ: “ನಾನು ಕೃಷ್ಣಾ ತೀರದ ಒಂದು ಊರಿನಲ್ಲಿ ಪ್ರೌಢಶಾಲೆ ಶಿಕ್ಷಕಿ. ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕವನ್ನೂ ನಾನೇ ಬರೆಯುತ್ತೇನೆ. ಹೋದ ತಿಂಗಳು ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಕಾರ್ಡು ಬಂತು. ಮೇಲೆ ನಮ್ಮ ಶಾಸಕರ ಫೋಟೊ, ಕೆಳಗೆ ‘ಕುಟುಂಬ ಮೌಲ್ಯಗಳ ಅಂಕಪಟ್ಟಿ: 100ಕ್ಕೆ 20’. ಅದರಲ್ಲಿ ಐದು ಕಾಯ್ದೆಗಳು. ಮತಾಂತರ ತಡೆ ಮಸೂದೆಗೆ ವಿರುದ್ಧ ಮತ. ‘ಜಾತ್ರೆ-ಹರಕೆ ನಿಲ್ಲಿಸುವ’ ಮೂಢನಂಬಿಕೆ ಕಾಯ್ದೆಗೆ ಪರ. ‘ಆದ ಮದುವೆ ಮುರಿಯುವ’ ಬಾಲ್ಯವಿವಾಹ ಕಾಯ್ದೆಗೆ ಪರ. ಹುಡುಗಿಯರ ಮದುವೆ ವಯಸ್ಸು 21 ಮಾಡಲು ಪರ. ದೇವದಾಸಿ ಕಾಯ್ದೆ ಬಂದ ದಿನ ಗೈರು. ನಮ್ಮ ಶಾಸಕರು ಮೊದಲು ಗೆದ್ದದ್ದು 2018ರಲ್ಲಿ, ಈಗ ಎರಡನೇ ಅವಧಿ. ನನ್ನ ಮೈದುನ ಈ ಕಾರ್ಡು ಹಿಡಿದು ‘ಮನಿ ಮುರಿಯೂ ಕಾಯ್ದೆಕ್ಕ ಕೈ ಎತ್ಯಾನ, ಇಂಥಾವಂಗ ಓಟು ಹಾಕ್ತೀರೇನು’ ಎಂದು ಜಗಳ ತೆಗೆದ. ಸಂಘದ ಹೆಂಗಸರು ‘ಟೀಚರ್, ಖರೇ ಏನ್ರೀ ಇದು?’ ಎಂದು ನನ್ನನ್ನು ಕೇಳುತ್ತಿದ್ದಾರೆ. ಶಾಸಕರು ಯಾವುದಕ್ಕೆ ಹೌದು ಅಂದರು, ಯಾವುದಕ್ಕೆ ಇಲ್ಲ ಅಂದರು ಎನ್ನುವುದು ಎಲ್ಲಿ ಸಿಗುತ್ತದೆ? ಈ ಕಾರ್ಡನ್ನು ನಂಬಬೇಕೆ?”

ಅಕ್ಕಾವ್ರೇ, ನಾನು ಬೈಲಹೊಂಗಲದ ಕಡೆಯವನು. ವಿಧಾನಸಭೆಯ ವರದಿಗಾರರ ಶಾಖೆಯಲ್ಲಿ ಮೂವತ್ತು ವರ್ಷ ಶೀಘ್ರಲಿಪಿ ಬರೆದು 2019ರ ಕೊನೆಗೆ ನಿವೃತ್ತನಾದೆ. ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಮೇಜು ಇರುತ್ತದೆ. ಸದಸ್ಯರು ಆಡಿದ ಮಾತನ್ನು ಅಲ್ಲಿ ಕೂತು ಬರೆದುಕೊಳ್ಳುವವರು ನಾವು. ಕೆಲವೇ ನಿಮಿಷ ಒಬ್ಬರ ಸರದಿ, ಆಮೇಲೆ ಇನ್ನೊಬ್ಬರು ಬಂದು ಕೂರುತ್ತಾರೆ. 2006ರಲ್ಲಿ ಬೆಳಗಾವಿಯ ಕೆಎಲ್‌ಇ ಆವರಣದಲ್ಲಿ ಅಧಿವೇಶನ ನಡೆದಾಗಲೂ ಅಲ್ಲಿದ್ದೆ, 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲಿನ ಚಳಿಗಾಲದ ಅಧಿವೇಶನಗಳಲ್ಲೂ ಅಲ್ಲಿದ್ದೆ. ಅದಕ್ಕೇ ನಿಮ್ಮ ಪ್ರಶ್ನೆ ಓದಿದಾಗ ಇದು ನನ್ನ ಮೇಜಿನ ಪ್ರಶ್ನೆ ಅನಿಸಿತು.

ನಿಮ್ಮ ಕಳವಳ ಎರಡು. ಕಾರ್ಡಿನಲ್ಲಿ ಬರೆದದ್ದು ಖರೆಯೋ ಸುಳ್ಳೋ ಎನ್ನುವುದು ಒಂದು. ಸುಳ್ಳಾದರೆ ಖರೆ ಎಲ್ಲಿ ಹುಡುಕಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೇರ ಉತ್ತರ: ಆ ಕಾರ್ಡಿನ ‘ಪರ’, ‘ವಿರುದ್ಧ’ ಎಂಬ ಕಾಲಂ ಅನ್ನು ಯಾರೋ ಮನೆಯಲ್ಲಿ ಕೂತು ತುಂಬಿದ್ದಾರೆ. ನಿಮ್ಮ ಶಾಸಕರು ಒಳ್ಳೆಯವರು ಎಂದು ನಾನು ಹೀಗೆ ಹೇಳುತ್ತಿಲ್ಲ. ಅವರು ಯಾರು, ಯಾವ ಪಕ್ಷ ಎಂದು ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಅಂಥ ಕಾಲಂ ತುಂಬಲು ಬೇಕಾದ ದಾಖಲೆಯೇ ನಮ್ಮ ವಿಧಾನಸಭೆಯಲ್ಲಿ ಹುಟ್ಟುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಒಂದು ವಿಧೇಯಕ ಹೇಗೆ ಪಾಸಾಗುತ್ತದೆ, ನೋಡಿ. (ಪತ್ರಿಕೆಗಳಲ್ಲಿ ಮಸೂದೆ, ಜನರ ಬಾಯಲ್ಲಿ ಬಿಲ್ಲು, ಸದನದ ಕಾಗದದಲ್ಲಿ ವಿಧೇಯಕ.) ಮಂತ್ರಿಗಳು ಮಂಡಿಸುತ್ತಾರೆ. ಆಮೇಲೆ ಅದನ್ನು ಪರ್ಯಾಲೋಚಿಸಬೇಕೆಂಬ ಪ್ರಸ್ತಾವ ಬರುತ್ತದೆ, ಚರ್ಚೆ ನಡೆಯುತ್ತದೆ. ನಂತರ ಖಂಡ ಖಂಡವಾಗಿ, ಅಂದರೆ ಒಂದೊಂದೇ ಕಲಂ ಆಗಿ, ತೆಗೆದುಕೊಳ್ಳುತ್ತಾರೆ. ಯಾರಾದರೂ ತಿದ್ದುಪಡಿ ಕೊಟ್ಟಿದ್ದರೆ ಅದು ಬರುವುದು ಆಗ. ಕೊನೆಗೆ ಅಂಗೀಕರಿಸಬೇಕೆಂಬ ಪ್ರಸ್ತಾವ. ಪ್ರತಿ ಹಂತದಲ್ಲೂ ಸಭಾಧ್ಯಕ್ಷರು, ಪ್ರಸ್ತಾವದ ಪರ ಇರುವವರು ‘ಹೌದು’ ಎನ್ನಿ, ವಿರುದ್ಧ ಇರುವವರು ‘ಇಲ್ಲ’ ಎನ್ನಿ ಎಂದು ಕೇಳುತ್ತಾರೆ. ಒಂದು ಕಡೆಯಿಂದ ‘ಹೌದು, ಹೌದು’, ಇನ್ನೊಂದು ಕಡೆಯಿಂದ ‘ಇಲ್ಲ, ಇಲ್ಲ’. ಯಾವ ದನಿ ದೊಡ್ಡದೋ ಅದನ್ನು ಕೇಳಿ ಸಭಾಧ್ಯಕ್ಷರು ತೀರ್ಪು ಹೇಳುತ್ತಾರೆ. ಇದೇ ಧ್ವನಿಮತ. ನಾವು ಬರೆದುಕೊಳ್ಳುವುದು ಒಂದೇ ಸಾಲು: ಪ್ರಸ್ತಾವವನ್ನು ಮತಕ್ಕೆ ಹಾಕಿ ಅಂಗೀಕರಿಸಲಾಯಿತು. ಆ ಸಾಲಿನಲ್ಲಿ ಹೆಸರಿಲ್ಲ, ಸಂಖ್ಯೆ ಇಲ್ಲ, ಎಷ್ಟು ಜನ ಇದ್ದರು ಎನ್ನುವುದೂ ಇಲ್ಲ. ‘ಹೌದು’ ಅಂದವರು ಇಪ್ಪತ್ತೋ ನೂರಿಪ್ಪತ್ತೋ ಎನ್ನುವುದು ಆ ಕ್ಷಣ ಅಲ್ಲಿದ್ದವರ ಕಣ್ಣಿಗೆ ಮಾತ್ರ ಗೊತ್ತು. ಊಟದ ಹೊತ್ತು ಸಮೀಪಿಸಿದಾಗ ಅರ್ಧ ಸದನ ಮೊಗಸಾಲೆಯಲ್ಲಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಜನ ‘ಕೈ ಎತ್ತಿದರು’ ಅನ್ನುತ್ತಾರಲ್ಲ, ಅದು ಗ್ರಾಮ ಪಂಚಾಯಿತಿ ಸಭೆಯ ನೆನಪಿನಿಂದ ಬಂದ ಮಾತು. ವಿಧಾನಸಭೆಯಲ್ಲಿ ಕಾಯ್ದೆಗಳು ಕೈ ಎತ್ತಿ ಪಾಸಾಗುವುದು ಬಹಳ ಅಪರೂಪ.

ಹೆಸರು ಸಹಿತ ಲೆಕ್ಕ ಸಿಗುವ ದಾರಿ ಇಲ್ಲವೇ ಇಲ್ಲ ಎಂದಲ್ಲ. ಅದಕ್ಕೆ ಮತ ವಿಭಜನೆ ಎನ್ನುತ್ತಾರೆ. ಸಭಾಧ್ಯಕ್ಷರ ತೀರ್ಪನ್ನು ಸದಸ್ಯರು ಅಲ್ಲೇ ಒಪ್ಪದೆ ವಿಭಜನೆ ಕೇಳಬೇಕು. ಆಗ ಗಂಟೆ ಬಾರಿಸಿ ಹೊರಗಿದ್ದವರನ್ನು ಕರೆಯುತ್ತಾರೆ, ಬಾಗಿಲು ಮುಚ್ಚುತ್ತಾರೆ, ಸಾಲು ಸಾಲಾಗಿ ಎಬ್ಬಿಸಿ ಎಣಿಸುತ್ತಾರೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ನೆನಪಿಸಿಕೊಳ್ಳಿ. ಪರ 99, ವಿರುದ್ಧ 105. ಅಷ್ಟು ಖಚಿತ ಸಂಖ್ಯೆ ನಮಗೆ ಗೊತ್ತಿರುವುದು ಅಂದು ಎಣಿಸಿದ್ದರಿಂದ. ಸರ್ಕಾರ ಉಳಿಯುತ್ತದೋ ಬೀಳುತ್ತದೋ ಎನ್ನುವಾಗ ಒಂದೊಂದು ತಲೆಯನ್ನೂ ಎಣಿಸುತ್ತೇವೆ. ಹೆಣ್ಣುಮಗಳ ಮದುವೆ, ಬಾಣಂತನ, ಆಸ್ತಿ, ಜೀತ, ಹರಕೆಗಳ ಕಾಯ್ದೆ ಬಂದಾಗ ದನಿ ಕೇಳಿ ಮುಗಿಸುತ್ತೇವೆ. ಈ ಮಾತು ನನ್ನ ಮನಸ್ಸನ್ನು ಕೆಲಸದ ಕೊನೆಯ ವರ್ಷಗಳಲ್ಲಿ ಬಹಳ ಕೊರೆದಿದೆ.

ನಮ್ಮ ಭಾಗದ ಸದಸ್ಯರೊಬ್ಬರು ಒಂದು ಬೆಳಿಗ್ಗೆ ನಮ್ಮ ಶಾಖೆಗೆ ಬಂದು, “ನಿನ್ನಿ ನಾ ‘ಇಲ್ಲ’ ಅಂದಿದ್ದು ಬರದೀರೇನ್ರೀ?” ಎಂದು ಕೇಳಿದರು. ಬರೆದಿರಲಿಲ್ಲ. ಬರೆಯಲು ಬರುವುದೂ ಇಲ್ಲ. ಹತ್ತು ಮಂದಿ ಒಟ್ಟಿಗೆ ‘ಇಲ್ಲ’ ಎಂದಾಗ ಅದರಲ್ಲಿ ಒಬ್ಬರ ದನಿಯನ್ನು ಹೆಸರು ಹಾಕಿ ಬರೆದರೆ ಅದು ವರದಿ ಅನಿಸುವುದಿಲ್ಲ. ಅವರಿಗೆ ಹೇಳಿದೆ, “ಸಾಹೇಬ್ರ, ಎದ್ದು ನಿಂತು ನಾಲ್ಕು ಮಾತು ಆಡಿದ್ರ ಬರತಿತ್ತು, ವಿಭಜನೆ ಕೇಳಿದ್ರೂ ಬರತಿತ್ತು.” ಅವರು ಸುಮ್ಮನೆ ಹೋದರು. ಪಕ್ಷದ ಮಾತಿಗೆ ಎದುರಾಗಿ ಎದ್ದು ನಿಲ್ಲುವ ಧೈರ್ಯ ಅವರಿಗೆ ಇರಲಿಲ್ಲವೋ, ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲವೋ. ತಮ್ಮ ‘ಇಲ್ಲ’ ಉಳಿಯಬೇಕೆಂಬ ಆಸೆ ಮಾತ್ರ ಅವರಿಗೆ ಖಂಡಿತ ಇತ್ತು. ಶಾಸಕರಿಗೇ ತಮ್ಮ ಮತದ ಪುರಾವೆ ಸಿಗದಿರುವಾಗ ಕಾರ್ಡು ಮಾಡಿದವರಿಗೆ ಎಲ್ಲಿಂದ ಸಿಕ್ಕಿತು?

ಇಂಥ ಅಂಕಪಟ್ಟಿಯ ಕಲ್ಪನೆ ಬಂದದ್ದು ಅಮೆರಿಕದಿಂದ. ಅಲ್ಲಿನ ಎಷ್ಟೋ ರಾಜ್ಯಗಳ ಸಂವಿಧಾನದಲ್ಲಿ ಮಸೂದೆಯ ಅಂತಿಮ ಅಂಗೀಕಾರಕ್ಕೆ ಹೆಸರು ಹೆಸರಾಗಿ ಮತ ದಾಖಲಿಸಲೇಬೇಕು ಎಂದಿದೆ. ಅದನ್ನು ನೋಡಿ ಅಲ್ಲಿನ ಸಂಘಟನೆಗಳು ತಮಗೆ ಮುಖ್ಯವಾದ ಮತಗಳನ್ನು ಆರಿಸಿ, ಗರ್ಭಪಾತ, ಮದುವೆ, ಶಾಲೆ, ಮದ್ಯ, ಜೂಜು ಇಂಥವಕ್ಕೆ ಅಂಕ ಕೊಟ್ಟು ಚುನಾವಣೆಗೆ ಮುಂಚೆ ಹಂಚುತ್ತವೆ. ಅಲ್ಲಿಯೂ ಯಾವ ಐದು ಮತ ಆರಿಸುತ್ತಾರೆ ಎನ್ನುವುದರ ಮೇಲೆ ಅಂಕ ಮೇಲೆ ಕೆಳಗೆ ಆಗುತ್ತದೆ, ಆದರೆ ಮತ ಮಾತ್ರ ದಾಖಲೆಯಲ್ಲಿ ಇರುತ್ತದೆ. ನಮ್ಮಲ್ಲಿ ಆ ನಮೂನೆಯನ್ನು ತಂದಿದ್ದಾರೆ, ಅದರ ಕೆಳಗಿರಬೇಕಾದ ದಾಖಲೆಯನ್ನು ತಂದಿಲ್ಲ. ನಮ್ಮ ಸಂಸತ್ತಿನಲ್ಲೂ ಸಂವಿಧಾನ ತಿದ್ದುಪಡಿ ಬಂದಾಗ ಎಣಿಸಲೇಬೇಕು. 2023ರ ಸೆಪ್ಟೆಂಬರಿನಲ್ಲಿ ಮಹಿಳಾ ಮೀಸಲು ಮಸೂದೆಗೆ ಲೋಕಸಭೆಯಲ್ಲಿ ಪರ 454, ವಿರುದ್ಧ 2. ತ್ರಿವಳಿ ತಲಾಖ್ ಮಸೂದೆ ಸಂವಿಧಾನ ತಿದ್ದುಪಡಿ ಅಲ್ಲದಿದ್ದರೂ 2019ರಲ್ಲಿ ರಾಜ್ಯಸಭೆಯಲ್ಲಿ ಮತ ವಿಭಜನೆ ನಡೆದು 99–84. ಆದ್ದರಿಂದ ನಿಮ್ಮ ಸಂಸದರ ಬಗ್ಗೆ ಕೆಲವು ವಿಷಯಗಳಲ್ಲಿ ಖಚಿತವಾಗಿ ಹೇಳಬಹುದು. ಶಾಸಕರ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ಈಗ ನಿಮ್ಮ ಕಾರ್ಡಿನ ಐದು ಸಾಲುಗಳಿಗೆ ಬರೋಣ.

ನಿಮ್ಮ ಶಾಸಕರು ಮೊದಲು ಗೆದ್ದದ್ದು 2018ರಲ್ಲಿ ಎಂದು ನೀವೇ ಬರೆದಿದ್ದೀರಿ. ಎರಡು ಸಾಲು ಅಲ್ಲೇ ಬಿದ್ದುಹೋದವು. ಮೂಢನಂಬಿಕೆ ಕಾಯ್ದೆ (ಅದರ ಪೂರ್ಣ ಹೆಸರು ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಹಾಗೂ ನಿರ್ಮೂಲನೆ ಕಾಯ್ದೆ) ವಿಧಾನಸಭೆಯಲ್ಲಿ ಅಂಗೀಕಾರವಾದದ್ದು 2017ರ ನವೆಂಬರಿನಲ್ಲಿ, ಇಲ್ಲೇ ಬೆಳಗಾವಿಯ ಅಧಿವೇಶನದಲ್ಲಿ, ಧ್ವನಿಮತದಿಂದ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 2016ರದ್ದು. 2017ರ ಏಪ್ರಿಲ್‌ನಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಎರಡೂ ಬಂದಾಗ ನಿಮ್ಮ ಶಾಸಕರು ಸದನದ ಸದಸ್ಯರೇ ಅಲ್ಲ. ಗ್ಯಾಲರಿಯಲ್ಲಿ ಕೂತಿದ್ದರೂ ‘ಹೌದು’ ಎನ್ನಲು ಹಕ್ಕಿಲ್ಲ.

ಮದುವೆ ವಯಸ್ಸು 21ರ ಸಾಲು ಇನ್ನೂ ದೂರ ಹೋಗಿದೆ. ಆ ಮಸೂದೆ ಬಂದದ್ದು ಲೋಕಸಭೆಯಲ್ಲಿ, 2021ರ ಡಿಸೆಂಬರಿನಲ್ಲಿ. ಅದು ಸ್ಥಾಯಿ ಸಮಿತಿಗೆ ಹೋಯಿತು, ಮತಕ್ಕೆ ಬರಲೇ ಇಲ್ಲ, 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಹುಡುಗಿಯರಿಗೆ ಇಂದಿಗೂ ಮದುವೆ ವಯಸ್ಸು 18. ಯಾವ ಶಾಸಕರೂ ಅದಕ್ಕೆ ಪರವಾಗಿಯೋ ವಿರುದ್ಧವಾಗಿಯೋ ಮತ ಹಾಕಿಲ್ಲ, ಹಾಕಲು ಸಾಧ್ಯವೂ ಇರಲಿಲ್ಲ.

ಮತಾಂತರ ತಡೆ ಮಸೂದೆ ಬಂದದ್ದು ನಿಮ್ಮ ಶಾಸಕರ ಕಾಲದಲ್ಲೇ. 2021ರ ಡಿಸೆಂಬರ್ 23ರಂದು ಸುವರ್ಣ ವಿಧಾನಸೌಧದಲ್ಲಿ ಕಾಂಗ್ರೆಸ್ ಸದಸ್ಯರ ಪ್ರತಿಭಟನೆಯ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಯಿತು. ಮಸೂದೆ ತಂದದ್ದು ಬಿಜೆಪಿ ಸರ್ಕಾರ, ವಿರೋಧಿಸಿದ್ದು ಕಾಂಗ್ರೆಸ್ ಮತ್ತು ಜೆಡಿಎಸ್. ವಿಧಾನ ಪರಿಷತ್ತಿನಲ್ಲಿ ಆಗ ಸರ್ಕಾರಕ್ಕೆ ಬಹುಮತ ಇರಲಿಲ್ಲವಾದ್ದರಿಂದ ಅಲ್ಲಿ ತರಲಿಲ್ಲ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಸೆಪ್ಟೆಂಬರಿನಲ್ಲಿ ಪರಿಷತ್ತಿನಲ್ಲೂ ಪಾಸು ಮಾಡಿಸಿಕೊಂಡರು. ಮುಂದಿನ ಸರ್ಕಾರದ ಸಂಪುಟ 2023ರ ಜೂನ್‌ನಲ್ಲಿ ಅದನ್ನು ರದ್ದು ಮಾಡುವ ತೀರ್ಮಾನ ಕೈಗೊಂಡಿತು. ನಿಮ್ಮ ಶಾಸಕರು ಯಾವ ಪಕ್ಷದವರು ಎನ್ನುವುದರಿಂದ ಅವರ ನಿಲುವನ್ನು ಊಹಿಸಬಹುದು. ಅಷ್ಟು ನ್ಯಾಯ. ಆದರೆ ಆ ದಿನ ಅವರು ಒಳಗಿದ್ದರೇ, ಬಾಯಿ ಬಿಟ್ಟರೇ ಎನ್ನುವುದು ಊಹೆಯಿಂದ ತಿಳಿಯುವುದಿಲ್ಲ.

ದೇವದಾಸಿ ಕಾಯ್ದೆಯ ದಿನ ‘ಗೈರು’ ಎಂಬ ಸಾಲನ್ನು ಮಾತ್ರ ನಾನು ಕೈಬಿಟ್ಟು ಹೋಗುವುದಿಲ್ಲ. ಪರೀಕ್ಷಿಸಲು ಬರುವಂಥದ್ದು ಅದೊಂದೇ. ಸದಸ್ಯರ ಹಾಜರಿ ಪುಸ್ತಕ ಇರುತ್ತದೆ. ಆದರೆ ಹಾಜರಿಗೂ ಒಂದು ಮಿತಿ ಇದೆ. ಬೆಳಿಗ್ಗೆ ಸಹಿ ಹಾಕಿ ಮಧ್ಯಾಹ್ನದ ಮತಕ್ಕೆ ಇಲ್ಲದವರೂ ಇರುತ್ತಾರೆ. ಸಹಿ ಇಲ್ಲದಿದ್ದರೆ ಬಂದಿಲ್ಲ ಎಂದು ತಿಳಿಯಬಹುದು, ಸಹಿ ಇದ್ದರೆ ಕೊನೆತನಕ ಕೂತಿದ್ದರು ಎಂದು ತಿಳಿಯಲಾಗದು.

ಇನ್ನು ಕಾಯ್ದೆಗಳಿಗೆ ಕಾರ್ಡಿನವರು ಇಟ್ಟ ಅಡ್ಡಹೆಸರು. ಮತಕ್ಕಿಂತ ಹೆಚ್ಚು ಕೇಡು ಮಾಡುವುದು ಇದು, ಯಾಕೆಂದರೆ ಸಂಘದ ಹೆಂಗಸರ ತಲೆಯಲ್ಲಿ ಉಳಿಯುವುದು ಆ ಹೆಸರೇ. ‘ಜಾತ್ರೆ-ಹರಕೆ ನಿಲ್ಲಿಸುವ ಕಾಯ್ದೆ’ ಎನ್ನುತ್ತಾರೆ. ಆ ಕಾಯ್ದೆ ಹರಿಕಥೆ, ಕೀರ್ತನೆ, ಪ್ರವಚನ, ಯಾತ್ರೆ, ಪ್ರದಕ್ಷಿಣೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದು ಹಿಡಿದದ್ದು ಎಂಜಲೆಲೆಯ ಮೇಲೆ ಉರುಳಿಸುವಂಥ, ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆದು ಹಿಂಸಿಸುವಂಥ ಪದ್ಧತಿಗಳನ್ನು. ಬಾದಾಮಿಯ ಬನಶಂಕರಿ ಜಾತ್ರೆ, ಸವದತ್ತಿ ಯಲ್ಲಮ್ಮನ ಹುಣ್ಣಿಮೆ, ವಿಜಯಪುರದ ಸಿದ್ಧೇಶ್ವರ ಜಾತ್ರೆ ಒಂದೂ ನಿಂತಿಲ್ಲ, ನೀವೇ ಹೋಗಿ ಬಂದಿರುತ್ತೀರಿ. 2017ರಲ್ಲಿ ಪಾಸಾದರೂ ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ.

‘ಆದ ಮದುವೆ ಮುರಿಯುವ ಕಾಯ್ದೆ’ ಎನ್ನುವುದರಲ್ಲಿ ಒಂದು ಎಳೆ ಸತ್ಯ ಇದೆ. ಮೈದುನನಿಗೆ ಉತ್ತರ ಹೇಳುವಾಗ ಅದನ್ನು ಮುಚ್ಚಿಡಬೇಡಿ. ಕೇಂದ್ರದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗಿ ಬೀಳುವುದಿಲ್ಲ. ಹುಡುಗಿಯೋ ಹುಡುಗನೋ ನ್ಯಾಯಾಲಯಕ್ಕೆ ಹೋಗಿ ಅನೂರ್ಜಿತ ಮಾಡಿಸಿಕೊಳ್ಳಬೇಕು. ನಮ್ಮ ಹಳ್ಳಿಯಲ್ಲಿ ಹದಿನಾರರ ಹುಡುಗಿ ಯಾವ ಕೋರ್ಟಿಗೆ ಹೋದಾಳು? ಬಾಲ್ಯವಿವಾಹ ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ ವರದಿ ಕೊಟ್ಟ ನಂತರ ಕರ್ನಾಟಕ ತಿದ್ದುಪಡಿ ತಂದು, ತಿದ್ದುಪಡಿಯ ನಂತರ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ ಎಂದಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಕಾಯ್ದೆ ಮುರಿಯುವುದು ಹೌದು. ಏನನ್ನು ಮುರಿಯುತ್ತದೆ ಎಂದರೆ ಎಂಟನೇ ತರಗತಿಯಿಂದ ಬಿಡಿಸಿ ತಂದ ಹುಡುಗಿಯ ಮದುವೆಯನ್ನು. ನೀವು ಶಿಕ್ಷಕಿ. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಹಾಜರಿ ಕೂಗುವಾಗ ಯಾವ ಹೆಸರಿಗೆ ಉತ್ತರ ಬರುವುದಿಲ್ಲ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಂಥ ಕಾಯ್ದೆಯನ್ನು ಬೆಂಬಲಿಸಿದ್ದನ್ನು ‘ಕುಟುಂಬ ಮೌಲ್ಯ’ದ ಕಾರ್ಡಿನಲ್ಲಿ ತಪ್ಪು ಗುರುತು ಹಾಕಿ ತೋರಿಸಿದ್ದು ಓದಿ ನನಗೆ ನಿಜವಾಗಿ ನೋವಾಯಿತು.

ಕಾರ್ಡಿನಲ್ಲಿ ಇರದ ಒಂದು ಕಾಯ್ದೆಯ ಬಗ್ಗೆಯೂ ಹೇಳಬೇಕು. ಮದುವೆ, ದತ್ತಕ, ವಾರಸಾ, ಅವಿಭಕ್ತ ಕುಟುಂಬ ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿ ಬರುತ್ತವೆ. ರಾಜ್ಯವೂ ಕಾಯ್ದೆ ಮಾಡಬಹುದು, ಕೇಂದ್ರವೂ ಮಾಡಬಹುದು. ಆ ಅಧಿಕಾರ ಬಳಸಿ ನಮ್ಮ ವಿಧಾನಮಂಡಲ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು 1994ರಲ್ಲೇ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆ ಸಮಾನ ಪಾಲುದಾರರನ್ನಾಗಿ ಮಾಡಿತು. ಅದಕ್ಕಿಂತ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಮಾತ್ರ ಹೊರಗಿಟ್ಟಿತ್ತು. ಕೇಂದ್ರ ಆ ಹಕ್ಕನ್ನು ದೇಶಕ್ಕೆಲ್ಲ ಕೊಟ್ಟದ್ದು 2005ರಲ್ಲಿ. ಮುಂದೆ ಸುಪ್ರೀಂ ಕೋರ್ಟ್‌ 2015ರಲ್ಲಿ, ತಂದೆ 2005ರಲ್ಲಿ ಬದುಕಿದ್ದರೆ ಮಾತ್ರ ಮಗಳಿಗೆ ಪಾಲು ಎಂದು ಹೇಳಿದ ಪ್ರಕರಣ ಹುಟ್ಟಿದ್ದೇ ಬೆಳಗಾವಿಯ ನ್ಯಾಯಾಲಯದಲ್ಲಿ 1992ರಲ್ಲಿ ಹೂಡಿದ ಪಾಲಿನ ದಾವೆಯಿಂದ. ಆ ತೀರ್ಪನ್ನು ಅದೇ ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಬದಲಿಸಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಅಂದು ಬದುಕಿರಬೇಕಿಲ್ಲ ಎಂದಿತು. ನಮ್ಮ ಭಾಗದ ಮನೆಗಳಲ್ಲಿ ವಾಟ್ನಿ (ಆಸ್ತಿ ಪಾಲು) ಮಾತು ಬಂದಾಗ, ಅಣ್ಣ ಉತಾರ (ಪಹಣಿ) ಹಿಡಿದು ‘ತಂಗಿ, ಇಲ್ಲೊಂದು ಸಹಿ ಮಾಡು’ ಅಂದಾಗ, ನಿಜವಾಗಿ ಕೆಲಸ ಮಾಡುವ ಕಾಯ್ದೆ ಇದು. ಕುಟುಂಬ ಎಂದರೆ ಏನು ಎಂಬುದನ್ನು ಇಷ್ಟು ಬದಲಿಸಿದ ಮತ್ತೊಂದು ಕಾಯ್ದೆ ನನ್ನ ಕಾಲದಲ್ಲಿ ಬರಲಿಲ್ಲ. ಯಾವ ಅಂಕಪಟ್ಟಿಯಲ್ಲೂ ಅದರ ಹೆಸರು ನಾನು ನೋಡಿಲ್ಲ.

ದೇವದಾಸಿಯರ ವಿಷಯವೂ ಹಾಗೆಯೇ. ನಮ್ಮ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ 1934ರಲ್ಲಿ ಒಂದು ಕಾಯ್ದೆ ಇತ್ತು, ಕರ್ನಾಟಕದ್ದು 1982ರದ್ದು. ಮುತ್ತು ಕಟ್ಟಿ ಹೆಣ್ಣುಮಗಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿದ್ದವು, ಹುಟ್ಟಿದ ಮಕ್ಕಳ ಪಾಡನ್ನು ಕೇಳಿರಲಿಲ್ಲ. 2025ರ ಹೊಸ ಕಾಯ್ದೆ ಆ ಮಕ್ಕಳಿಗೆ ತಂದೆ ಯಾರೆಂದು ಸಾಬೀತು ಮಾಡಿಕೊಳ್ಳುವ, ಜೀವನಾಂಶ ಮತ್ತು ಆಸ್ತಿ ಕೇಳುವ ದಾರಿ ತೆರೆಯಿತು. ಸವದತ್ತಿ, ಮುಧೋಳ, ಜಮಖಂಡಿ ಕಡೆಯ ಶಾಲೆಗಳಲ್ಲಿ ದಾಖಲಾತಿ ಅರ್ಜಿಯ ‘ತಂದೆಯ ಹೆಸರು’ ಎಂಬ ಜಾಗ ಎಷ್ಟು ಮಕ್ಕಳನ್ನು ಅಳಿಸಿದೆ ಎಂದು ನಿಮ್ಮಂಥ ಶಿಕ್ಷಕರನ್ನು ಕೇಳಬೇಕು. ಆ ದಿನ ನಿಮ್ಮ ಶಾಸಕರು ಎಲ್ಲಿದ್ದರು ಎಂದು ಕೇಳುವ ಪೂರ್ಣ ಹಕ್ಕು ನಿಮಗಿದೆ. ಕಾರ್ಡು ಸುಳ್ಳಾದರೂ ಆ ಒಂದು ಪ್ರಶ್ನೆ ಸರಿಯಾದದ್ದು.

ಎರಡು ತಪ್ಪು ತಿಳಿವಳಿಕೆ ಬಹಳ ಕಡೆ ಕೇಳಿದ್ದೇನೆ. ಸಭಾತ್ಯಾಗ ಮಾಡಿದರೆ ‘ವಿರುದ್ಧ ಮತ ಹಾಕಿದಂತೆ’ ಎನ್ನುತ್ತಾರೆ. ಅಲ್ಲ. ಸಂವಿಧಾನದ 189ನೇ ವಿಧಿ ಪ್ರಕಾರ ಹಾಜರಿದ್ದು ಮತ ಹಾಕಿದವರ ಬಹುಮತವೇ ಲೆಕ್ಕ. ಹೊರಗೆ ಹೋದವರು ಯಾವ ಕಡೆಗೂ ಇಲ್ಲ. ಹೊರಗೆ ಹೋಗಿ ಕ್ಯಾಮೆರಾ ಮುಂದೆ ಸಿಟ್ಟು ತೋರಿಸುವುದು ಸುಲಭ, ಒಳಗೆ ಕೂತು ವಿಭಜನೆ ಕೇಳುವುದು ಕಷ್ಟ. ಆದರೆ ದಾಖಲೆಯಲ್ಲಿ ಉಳಿಯುವುದು ಎರಡನೆಯದು. ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಅಂದರೆ ಸದನದ ಬಾವಿಗಿಳಿದು ಘೋಷಣೆ ಕೂಗುತ್ತಿರುವಾಗಲೂ ಮಸೂದೆಗಳು ಪಾಸಾಗುತ್ತವೆ. 2021ರ ಫೆಬ್ರವರಿಯಲ್ಲಿ ಗೋಹತ್ಯೆ ನಿಷೇಧ ಮಸೂದೆ ಪರಿಷತ್ತಿನಲ್ಲಿ ಗದ್ದಲದ ನಡುವೆಯೇ ಧ್ವನಿಮತದಲ್ಲಿ ಪಾಸಾಯಿತು.

ಇನ್ನೊಂದು, ‘ವಿಪ್ ಇತ್ತು, ನಾನೇನು ಮಾಡಲಿ’ ಎಂಬ ಶಾಸಕರ ಮಾತು. ವಿಪ್ ಎಂದರೆ ಹೀಗೆಯೇ ಮತ ಹಾಕಿ ಎಂದು ಪಕ್ಷ ಕೊಡುವ ನಿರ್ದೇಶನ. 1985ರ ಪಕ್ಷಾಂತರ ನಿಷೇಧದ ಪ್ರಕಾರ ಪಕ್ಷದ ನಿರ್ದೇಶನ ಮೀರಿ ಮತ ಹಾಕಿದರೆ ಅಥವಾ ಮತ ಹಾಕದೆ ಉಳಿದರೆ, ಪಕ್ಷ ಹದಿನೈದು ದಿನದೊಳಗೆ ಮನ್ನಿಸದಿದ್ದರೆ, ಸದಸ್ಯತ್ವ ಹೋಗಬಹುದು. ಆದರೆ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಂದು ಮೇರೆ ಹಾಕಿದೆ: ಅಂಥ ನಿರ್ದೇಶನ ಸರ್ಕಾರದ ಅಳಿವು-ಉಳಿವಿನ ಮತಕ್ಕೆ, ಅಥವಾ ಪಕ್ಷ ಜನರ ಮುಂದೆ ಇಟ್ಟ ಮೂಲ ನೀತಿ-ಕಾರ್ಯಕ್ರಮದ ವಿಷಯಕ್ಕೆ ಸೀಮಿತವಾಗಿರಬೇಕು. ಆದ್ದರಿಂದ ಶಾಸಕರು ವಿಪ್ ಅಂದರೆ, “ಆ ದಿನ ಈ ಮಸೂದೆಗೆ ವಿಪ್ ಕೊಟ್ಟಿದ್ದರೇನ್ರೀ, ಕಾಗದ ಐತೇನ್ರೀ?” ಎಂದು ಕೇಳಿ. ಎಷ್ಟೋ ಸಲ ಕೊಟ್ಟೇ ಇರುವುದಿಲ್ಲ. ವಿಪ್ ಇದ್ದರೂ ಚರ್ಚೆಯಲ್ಲಿ ಎದ್ದು ನಿಂತು ಮಾತಾಡಲು ಅದು ಅಡ್ಡಿಯಲ್ಲ.

ಹಾಗಾದರೆ ಖರೆ ತಿಳಿಯುವ ದಾರಿ ಯಾವುದು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು ಸದನದ ನಡವಳಿಯ ಅಧಿಕೃತ ವರದಿ. ವಿಧಾನಮಂಡಲದ ಜಾಲತಾಣದಲ್ಲಿ ಚರ್ಚೆಗಳು ಕನ್ನಡದಲ್ಲೇ ಇವೆ. ಮಸೂದೆ ಅಂಗೀಕಾರವಾದ ದಿನಾಂಕ ಹಿಡಿದು ಆ ದಿನದ ಚರ್ಚೆ ತೆಗೆಯಿರಿ. ನಿಮ್ಮ ಶಾಸಕರ ಹೆಸರು ಎಲ್ಲಿ ಬರುತ್ತದೆ, ಏನು ಹೇಳಿದ್ದಾರೆ, ಯಾವ ಖಂಡಕ್ಕೆ ತಿದ್ದುಪಡಿ ಸೂಚಿಸಿದ್ದಾರೆ ನೋಡಿ. ‘ಹೌದು’ ಎನ್ನುವ ಒಂದು ಕೂಗಿಗಿಂತ ಒಂದು ತಿದ್ದುಪಡಿ ಆ ಮನುಷ್ಯನ ಬಗ್ಗೆ ಹೆಚ್ಚು ಹೇಳುತ್ತದೆ. ಮಸೂದೆ ಸಮಿತಿಗೆ ಹೋಗಿದ್ದರೆ ಸಮಿತಿಯ ವರದಿಯ ಕೊನೆಯಲ್ಲಿ ಭಿನ್ನಾಭಿಪ್ರಾಯದ ಟಿಪ್ಪಣಿ ಇದೆಯೇ ನೋಡಿ, ಅಲ್ಲಿ ಹೆಸರು ಇರುತ್ತದೆ. ಇದರ ತೊಡಕು ಎಂದರೆ, ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತು ವರದಿಯಲ್ಲಿ ಇರುವುದಿಲ್ಲ, ಗದ್ದಲದಲ್ಲಿ ಆಡಿದ ಮಾತೂ ಸಿಗುವುದಿಲ್ಲ. ಐದು ವರ್ಷದ ಚರ್ಚೆಯಲ್ಲಿ ಶಾಸಕರ ಹೆಸರೇ ಕಾಣದಿದ್ದರೆ ಅದು ಕೂಡ ನಿಮಗೆ ಸಿಕ್ಕ ಮಾಹಿತಿಯೇ, ಆದರೆ ‘ವಿರೋಧಿಸಿದರು’ ಎಂದು ಅದನ್ನು ಓದಬಾರದು.

ಕಲಾಪದ ವಿಡಿಯೊ ಇದ್ದರೆ ಪೂರ್ತಿ ನೋಡಿ, ತುಂಡು ಮಾಡಿ ಹಂಚಿದ್ದನ್ನು ಬೇಡ.

ಶಾಸಕರನ್ನೇ ಕೇಳುವುದು ಇನ್ನೊಂದು ದಾರಿ. ಇದನ್ನು ಹೇಳುವಾಗ ನಾನು ಹಿಂಜರಿಯುತ್ತೇನೆ. ಜನಸಂಪರ್ಕ ಸಭೆಯಲ್ಲಿ ಹೆಣ್ಣುಮಗಳೊಬ್ಬಳು ಎದ್ದು ಕೇಳಿದರೆ, ಮರುದಿನ ಊರಿನಲ್ಲಿ ‘ಆ ಟೀಚರ್ ಎದುರು ಪಕ್ಷದಾಕಿ’ ಎಂಬ ಮಾತು ಹುಟ್ಟುತ್ತದೆ. ನೀವು ಸರ್ಕಾರಿ ನೌಕರರಾದರೆ ಇನ್ನೂ ಸೂಕ್ಷ್ಮ. ರಾಜಕೀಯದಲ್ಲಿ ಭಾಗವಹಿಸುವುದಕ್ಕೆ ಸೇವಾ ನಿಯಮ ತಡೆ ಹಾಕುತ್ತದೆ. ನಿಮ್ಮ ಹೆಸರಿನಲ್ಲಿ ಬೇಡ, ಸಂಘದ ಲೆಟರ್‌ಹೆಡ್‌ನಲ್ಲಿ, ಅಧ್ಯಕ್ಷರ ಸಹಿಯಲ್ಲಿ ಕೇಳಿ. ಯಾರ ಪರವಾಗಿಯೂ ಬರೆಯದೆ, ‘ತಾವು ಈ ಮಸೂದೆಯ ಚರ್ಚೆಯಲ್ಲಿ ಹಾಜರಿದ್ದಿರಾ, ತಮ್ಮ ಅಭಿಪ್ರಾಯ ಏನಿತ್ತು, ಮುಂದೆ ಇಂಥ ವಿಷಯ ಬಂದಾಗ ಮತ ವಿಭಜನೆ ಕೇಳುತ್ತೀರಾ’ ಎಂಬ ಮೂರು ಸಾಲು ಸಾಕು. ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ನಾನು ಮೂವತ್ತು ವರ್ಷ ಆ ಮೇಜಿಗೆ ಕೂತು ಕಾಯುತ್ತಿದ್ದದ್ದು ಅದಕ್ಕೇ. ಮತದಾರರು ಕೇಳದಿದ್ದರೆ ಯಾವ ಸದಸ್ಯರೂ ವಿಭಜನೆ ಕೇಳುವುದಿಲ್ಲ. ಪದವೀಧರರಾದ ನಿಮಗೆ ಪರಿಷತ್ತಿನಲ್ಲೂ ಪ್ರತಿನಿಧಿ ಇದ್ದಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿದ ವಾಯವ್ಯ ಪದವೀಧರ ಕ್ಷೇತ್ರ, ಜೊತೆಗೆ ಶಿಕ್ಷಕರ ಕ್ಷೇತ್ರ. ಅವರಿಗೂ ಇದೇ ಪತ್ರ ಹೋಗಲಿ.

ಕಾರ್ಡನ್ನು ಮುಂದೆ ಕಳಿಸಬೇಡಿ. ಹಾಗೆಯೇ ‘ಸುಳ್ಳು’ ಎಂದು ದೊಡ್ಡದಾಗಿ ಬರೆದೂ ಕಳಿಸಬೇಡಿ, ಅದರ ಜೊತೆಗೆ ಕಾರ್ಡೂ ಊರೆಲ್ಲ ತಿರುಗುತ್ತದೆ. ಚುನಾವಣೆ ಹೊತ್ತಿನಲ್ಲಿ ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳು ಹೇಳಿಕೆ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಂ ಪ್ರಕಾರ ದಂಡಕ್ಕೆ ಗುರಿ. ಅಚ್ಚು ಮಾಡಿದ ಕರಪತ್ರವಾದರೆ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು-ವಿಳಾಸ ಇರಲೇಬೇಕು. ಹೆಸರಿಲ್ಲದ ಕರಪತ್ರ ಮನೆ ಬಾಗಿಲಿಗೆ ಬಂದರೆ ಚುನಾವಣಾಧಿಕಾರಿಗೆ ಕೊಡಬಹುದು.

ಮೈದುನನ ಜೊತೆ ಮಾತಾಡುವಾಗ ಇಷ್ಟೆಲ್ಲ ಬೇಡ. ಅವನ ಕಾರ್ಡನ್ನೇ ಅವನ ಮುಂದೆ ಇಟ್ಟು, “ಇಂವ ಗೆದ್ದಿದ್ದ ಎಂದು? ಈ ಕಾಯ್ದೆ ಬಂದಿದ್ದ ಎಂದು?” ಎಂದು ಎರಡೇ ಇಸವಿ ಕೇಳಿ. ಅವನಿಗೆ ಮುಜುಗರ ಆಗುವಂತೆ ಎಲ್ಲರೆದುರು ಬೇಡ, ಚಹಾ ಕುಡಿಯುವಾಗ ಕೇಳಿ. ಅವನ ಮತ ಅವನದು. ಶಾಸಕರು ಅವನಿಗೆ ಹಿಡಿಸದಿರಲು ನೂರು ಬೇರೆ ಕಾರಣ ಇರಬಹುದು, ಅದು ತಪ್ಪಲ್ಲ.

ಕೊನೆಯ ದಾರಿ ಮಾಹಿತಿ ಹಕ್ಕು. ವಿಧಾನಸಭೆ ಸಚಿವಾಲಯವೂ ಪರಿಷತ್ತಿನ ಸಚಿವಾಲಯವೂ ಬೇರೆ ಬೇರೆ, ಆಯಾ ಮಾಹಿತಿ ಅಧಿಕಾರಿಗೆ ಬೇರೆ ಅರ್ಜಿ ಹಾಕಬೇಕು. ಎರಡೂ ಕಚೇರಿ ಬೆಂಗಳೂರಿನ ವಿಧಾನಸೌಧದಲ್ಲಿವೆ. ಅಧಿವೇಶನ ಬೆಳಗಾವಿಯಲ್ಲಿ ನಡೆದಿತ್ತೆಂದು ಸುವರ್ಣಸೌಧಕ್ಕೆ ಕಳಿಸಿದರೆ ಕಾಗದ ಅಲೆಯುತ್ತದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳೊಳಗೆ. ‘ನಮ್ಮ ಶಾಸಕರು ಪರವೋ ವಿರುದ್ಧವೋ’ ಎಂದು ಕೇಳಿದರೆ ‘ಮಾಹಿತಿ ಲಭ್ಯವಿಲ್ಲ’ ಎಂದು ಒಂದು ಸಾಲು ಬರುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ಹೀಗೆ ಬರೆಯಿರಿ: “2025ರಲ್ಲಿ ವಿಧಾನಸಭೆ ಅಂಗೀಕರಿಸಿದ ದೇವದಾಸಿ ವಿಧೇಯಕಕ್ಕೆ ಸಂಬಂಧಿಸಿ: 1) ಅಂಗೀಕಾರದ ದಿನಾಂಕ ಮತ್ತು ಆ ದಿನದ ಸದಸ್ಯರ ಹಾಜರಿಯ ದೃಢೀಕೃತ ಪ್ರತಿ, 2) ಅಂಗೀಕಾರ ಧ್ವನಿಮತದಿಂದಲೋ ಮತ ವಿಭಜನೆಯಿಂದಲೋ, ವಿಭಜನೆ ಕೇಳಿದ ಸದಸ್ಯರಿದ್ದರೆ ಅವರ ಹೆಸರು, 3) ತಿದ್ದುಪಡಿ ಸೂಚನೆ ಕೊಟ್ಟ ಸದಸ್ಯರ ಹೆಸರು ಮತ್ತು ಆ ಸೂಚನೆಗಳ ಪ್ರತಿ, 4) ಆ ದಿನದ ಚರ್ಚೆಯ ಅಧಿಕೃತ ವರದಿಯ ಸಂಬಂಧಿತ ಪುಟಗಳ ಪ್ರತಿ.” ಪುಟಕ್ಕೆ ಎರಡು ರೂಪಾಯಿಯಂತೆ ನಕಲಿನ ಹಣ ಕೇಳುತ್ತಾರೆ. ಕಟ್ಟಿದ ಮೇಲೆ ಕಾಗದ ಬರುತ್ತದೆ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ಅದೇ ಸಚಿವಾಲಯದ ಮೇಲ್ಮನವಿ ಪ್ರಾಧಿಕಾರಕ್ಕೆ ಮತ್ತೆ ಮೂವತ್ತು ದಿನದೊಳಗೆ ಹೋಗಿ. ಸ್ಪೀಡ್ ಪೋಸ್ಟ್‌ನ ಚೀಟಿಯನ್ನು ಸಂಘದ ಲೆಕ್ಕದ ಪುಸ್ತಕದಲ್ಲೇ ಅಂಟಿಸಿಡಿ.